ಆಟಿಗೆ ಮುಂಚೆ ಒಂದು ಅರ್ಜಿ

ಮೂವತ್ತು ದಿನ ಕಾಯುವುದೇನು ಮಹಾ ಎಂದು ನೀವು ಕೇಳಬಹುದು. ನಿಮಗೆ ಮದುವೆಯಾಗಿದೆ, ಕೇಳುತ್ತೀರಿ. ನಾನು ಸೌದಿಯ ಅಲ್ ಖರ್ಜ್‌ನ ಡೇರಿಯೊಂದರಲ್ಲಿ ಹಾಲಿನ ಬಾಟಲಿಗಳ ಮೇಲೆ ಗಡುವಿನ ತಾರೀಕು ಒತ್ತಿಸುವ ಅಖಿಲೇಶ. ಯಾವುದಕ್ಕೂ ಏಳು ದಿನಕ್ಕಿಂತ ಹೆಚ್ಚು ಆಯುಸ್ಸು ಕೊಟ್ಟು ಅಭ್ಯಾಸವಿಲ್ಲ.

ಊರಿಗೆ ಹೋಗಿ ಮದುವೆಯಾಗಲು ರಜೆಯಿಲ್ಲ (ಹಸುಗಳಿಗೂ ಇಲ್ಲ). ಹುಡುಗಿ ವಿಸ್ಮಯಾ ಅಪ್ಪ ಅಮ್ಮನ ಜೊತೆ ರಿಯಾದಿನಲ್ಲೇ ಇದ್ದಾಳೆ. ಅವಳನ್ನು ಬಿಟ್ಟಿರಲು ನನ್ನಿಂದಾಗದು. ಜುಲೈ ಮುಗಿಯುವುದರೊಳಗೆ ಮದುವೆಯ ಸರ್ಟಿಫಿಕೇಟ್ ತೋರಿಸಿದರೆ ಕಂಪನಿಯ ಫ್ಯಾಮಿಲಿ ಕ್ವಾರ್ಟರ್ಸ್ ನನಗೆ, ಇಲ್ಲದಿದ್ದರೆ ಇನ್ನೊಬ್ಬನಿಗೆ. ಹಾಗಾಗಿ ನಮ್ಮ ರಾಯಭಾರ ಕಚೇರಿಯಲ್ಲೇ ಮದುವೆಯೆಂದು ತೀರ್ಮಾನವಾಯಿತು. ಅಲ್ಲಿ, ತಕರಾರಿದ್ದವರು ಹೇಳಲಿ ಎಂದು ಮೂವತ್ತು ದಿನ ನೋಟಿಸ್ ಹಚ್ಚುತ್ತಾರೆ. ಅದು ಮುಗಿಯುವುದು ಜುಲೈ ಇಪ್ಪತ್ತಕ್ಕೆ. ನಮ್ಮ ತುಳುನಾಡಿನ ಆಟಿ, ಅಂದರೆ ಜಡಿಮಳೆಯ ತಿಂಗಳು, ಹಿಡಿಯುವುದು ಹದಿನೇಳಕ್ಕೆ. ಆಟಿಯಲ್ಲಿ ಮದುವೆ, ಹೊಸ ಖರೀದಿ ಎಲ್ಲ ನಿಷಿದ್ಧ.

“ಮರಳುಗಾಡಲ್ಲಿ ಎಂತ ಆಟಿ ಅತ್ತೆ? ಮಳೆಯೇ ಇಲ್ಲ,” ಎಂದು ಭಾವೀ ಅತ್ತೆ ನಳಿನಾಕ್ಷಿಯವರಲ್ಲಿ ಅಂಗಲಾಚಿದೆ.

“ಮಳೆ ಇಲ್ಲದಿದ್ರೆ ಎಂತ, ಕ್ಯಾಲೆಂಡರ್ ಉಂಟಲ್ಲ.”

ವಿಸ್ಮಯಾ ನನ್ನನ್ನು ಪಕ್ಕಕ್ಕೆ ಕರೆದಳು. “ಅಮ್ಮನ ಹತ್ರ ವಾದ ಮಾಡ್ಬೇಡಿ ಮಾರಾಯ್ರೆ. ಆಫೀಸಿನವರ ಹತ್ರ ಮಾಡಿ. ಅವರಾದ್ರೆ ಸೋಲ್ತಾರೆ.”

ನೋಟಿಸಿನ ಅವಧಿ ಕಡಿಮೆ ಮಾಡಿ ಎಂದು ಅರ್ಜಿ ಹಾಕಿದೆ. ಕಾರಣ, ಕ್ವಾರ್ಟರ್ಸ್. ಅಧಿಕಾರಿ ಕನ್ನಡಕದ ಮೇಲಿಂದ ನೋಡಿ, “ಕಾರಣ ಸಾಲದು,” ಎಂದರು.

ನನಗೂ ಹಟ ಬಂತು. ಊಟದ ವಿರಾಮದಲ್ಲಿ ಕೂತು ಹೊಸ ಅರ್ಜಿ ಬರೆದೆ: ‘ಘನವೆತ್ತ ಅಧಿಕಾರಿಗಳ ದಿವ್ಯ ಸನ್ನಿಧಿಗೆ. ಆಟಿಯ ಆಚಾರಗಳನ್ನು ಕಡಲಾಚೆಯೂ ಚಾಚೂ ತಪ್ಪದೆ ಪಾಲಿಸುವ ಮನೆತನ ನಮ್ಮದು. ಅವುಗಳಲ್ಲಿ ಒಂದನ್ನೂ ನಾನು ಮೀರಲಾರೆ.’ (ಹೋದ ಆಟಿಯಲ್ಲೇ ಕಾರು ಕೊಂಡಿದ್ದೆ. ಅದು ಅರ್ಜಿಗೆ ಸಂಬಂಧಿಸಿದ್ದಲ್ಲ.) ಕೆಳಗೆ ನನ್ನ ಸಹಿ, ಸಾಕ್ಷಿಯಾಗಿ ಅತ್ತೆಯ ಸಹಿ. ಅವರು ಎರಡು ಸಲ ಓದಿ ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಂಡರು. ಅಳಿಯನ ಮೇಲಿನ ಅಭಿಮಾನ ಎಂದುಕೊಂಡೆ.

ಅರ್ಜಿ ಮಂಜೂರಾಯಿತು. ಜುಲೈ ಹದಿನೈದಕ್ಕೆ ಮದುವೆಯೂ ಆಯಿತು, ಕ್ವಾರ್ಟರ್ಸಿನ ಕೀಲಿಯೂ ಸಿಕ್ಕಿತು. ಭೂಮಿಯ ಮೇಲೆ ನನ್ನಷ್ಟು ಸುಖಿ ಇನ್ನೊಬ್ಬನಿರಲಿಲ್ಲ. ಮರುದಿನ ಸಂಜೆ ಅತ್ತೆ ಮಾವ ಬಂದರು. ಪಾಯಸ ತಂದಿರಬೇಕೆಂದು ಓಡಿಹೋಗಿ ಬಾಗಿಲು ತೆರೆದೆ. ಅವರು ತಂದದ್ದು ಖಾಲಿ ಸೂಟ್‌ಕೇಸು.

“ನಾಳೆ ಆಟಿ. ಹೊಸ ಮದುಮಗಳು ಆಟಿಯಲ್ಲಿ ಗಂಡನ ಮನೆಯಲ್ಲಿ ಇರ್ಲಿಕ್ಕಿಲ್ಲ. ತವರಲ್ಲಿ ಆಟಿ ಕೂರ್ಬೇಕು,” ಎಂದರು ಅತ್ತೆ.

“ಅದೆಲ್ಲ ಊರಲ್ಲಿ ಅತ್ತೆ, ಇಲ್ಲಿ ಯಾರು...”

ಅವರು ಮೊಬೈಲ್ ತೆಗೆದರು. “‘ಅವುಗಳಲ್ಲಿ ಒಂದನ್ನೂ ನಾನು ಮೀರಲಾರೆ.’ ಸಹಿ ನಿಮ್ಮದೇ ಅಲ್ವಾ?”

ಮಾವ ಸಾಂತಪ್ಪನವರು ನನ್ನ ಬೆನ್ನು ತಟ್ಟಿದರು. “ನಾನು ಇವಳಿಗೆ ಲಿಖಿತವಾಗಿ ಎಂತದೂ ಕೊಟ್ಟವನಲ್ಲ,” ಎಂದು ಮೆಲ್ಲಗೆ ಹೇಳಿದರು. ವಿಸ್ಮಯಾ ನಗು ತಡೆಯಲಾಗದೆ ಅಪ್ಪ ಅಮ್ಮನ ಕಾರಿನಲ್ಲಿ ಕೂತು ಹೊರಟೇಹೋದಳು.

ಆಟಿಯಲ್ಲಿ ಮೂವತ್ತೊಂದು ದಿನ. ನೋಟಿಸಿಗಿಂತ ಒಂದು ಜಾಸ್ತಿ. ಎರಡು ಬೆಡ್‌ರೂಮಿನ ಕ್ವಾರ್ಟರ್ಸಿನಲ್ಲಿ ಒಬ್ಬನೇ ಕೂತು ಅತ್ತೆಗೆ ವಾಟ್ಸಾಪಿನಲ್ಲಿ ಅರ್ಜಿ ಕಳಿಸಿದೆ: ‘ಸದರಿ ಅವಧಿಯನ್ನು ಕಡಿತಗೊಳಿಸಬೇಕಾಗಿ ಪ್ರಾರ್ಥನೆ. ಕಾರಣ, ಹೆಂಡತಿಯಿಲ್ಲದೆ ತುಂಬಾ ಬೇಸರ.’

ಒಂದೇ ನಿಮಿಷದಲ್ಲಿ ಉತ್ತರ ಬಂತು, ಅದೂ ವಿಸ್ಮಯಾಳ ನಂಬರಿನಿಂದ.

“ನಾನೂ ಅಮ್ಮನೂ ಸೇರಿ ನೋಡಿದೆವು. ಕಾರಣ ಸಾಲದು.”