ಹಸಿರು ದೀಪದ ಮೇಲೆ ಗುಮಾನಿ

ನಮ್ಮ ಕಾಕಾ ಹಾವನ್ನಾದರೂ ನಂಬಿಯಾರು, ವೈರನ್ನು ನಂಬುವವರಲ್ಲ! ಅಫಜಲಪುರದಲ್ಲಿ ಮೂವತ್ತು ವರ್ಷ ರೇಡಿಯೋ, ಟಿವಿ ರಿಪೇರಿ ಮಾಡಿದವರು. ಅಂಥವರಿಗೆ ವೈರಿನ ಮೇಲೆ ಪ್ರೀತಿ ಇರಬೇಡವೇ? ಇದೆ. ಪೊಲೀಸರಿಗೆ ಕಳ್ಳರ ಮೇಲೆ ಇರುತ್ತದಲ್ಲ, ಅಷ್ಟು.

ನಾನು ಆಳಂದದಿಂದ ರಜೆಗೆ ಹೋದರೆ ಬಾಗಿಲಲ್ಲೇ ತಪಾಸಣೆ. "ಆರಾಮ ಅದಿಯೇನವ್ವಾ?" ಅನ್ನುವ ಮೊದಲೇ ಅವರ ಕೈ ನನ್ನ ಬ್ಯಾಗಿನಲ್ಲಿ. ಚಾರ್ಜರ್ ಹೊರಗೆ ಬರುತ್ತದೆ, ಅದಕ್ಕೊಂದು ಪುಟ್ಟ ಮೀಟರು ಸಿಕ್ಕಿಸಲಾಗುತ್ತದೆ.

"ಇದು ಎಷ್ಟು ವೋಲ್ಟ್ ಕೊಡ್ತೈತಿ?"

"ನನಗೇನು ಗೊತ್ತು ಕಾಕಾ? ಫೋನ್ ಚಾರ್ಜ್ ಆಗ್ತೈತಿ."

"ಅದ ನೋಡು ಮೋಸ! ಮೊದಲಿನವು ಸಾಚಾ ಇದ್ದವು. ಐದಂದ್ರ ಐದು. ಈಗಿನವು ಮಾರಿ ನೋಡಿ ಮಣಿ ಹಾಕ್ತಾವ. ಒಬ್ಬರಿಗೆ ಐದು, ಒಬ್ಬರಿಗೆ ಒಂಬತ್ತು, ಲ್ಯಾಪ್‌ಟಾಪಿಗೆ ಇಪ್ಪತ್ತು! ಇಂಥವನ್ನ ಮನಿಯೊಳಗ ಬಿಟ್ಕೋತಾರೇನು?"

ಒಮ್ಮೆ ಜೇವರ್ಗಿಗೆ ಮದುವೆಗೆ ಹೊರಟಿದ್ದೆವು. ಬಸ್ಸಿನಲ್ಲಿ ಪಕ್ಕದವರು ಸೀಟಿನ ಬಳಿಯ ಚಾರ್ಜಿಂಗ್ ತೂತಿಗೆ ಫೋನ್ ಸಿಕ್ಕಿಸಿದರು. ಕಾಕಾ ಸುಮ್ಮನಿರುತ್ತಾರೆಯೇ?

"ಆ ತೂತಿನ ಹಿಂದ ಯಾರದಾರ, ನೋಡೀರೇನ್ರಿ?"

"ನಮ್ಮ ಮಾವ ಅದಾರ್ರಿ, ಹಿಂದಿನ ಸೀಟಿನ್ಯಾಗ."

ಬರೀ ಕರೆಂಟು ಬರುತ್ತದೋ, ಆಚೆ ಫೋನಿನ ಮಾತು ಕದಿಯುವ ಕಂಪ್ಯೂಟರ್ ಇದೆಯೋ ಎಂಬುದು ಕಾಕಾನ ಪ್ರಶ್ನೆ. ಆದರೆ ಜೇವರ್ಗಿ ಬರುವತನಕ ಅವರು ಹಿಂತಿರುಗಿ ಹಿಂತಿರುಗಿ ನೋಡಿದ್ದು ಆ ಪಾಪದ ಮಾವನನ್ನು!

ಇಷ್ಟೊಂದು ಗುಮಾನಿ ಎಲ್ಲಿಂದ ಬಂತು? ನನಗೆ ಕಾಕಾನ ಮೇಲೆಯೇ ಗುಮಾನಿ. ಕಾಕಿಗೆ ಕಿವಿ ಮಂದ. ಮೊದಲು ತಂದ ಕಿವಿ ಮಷೀನು ಒಂದು ದಿನ ಚಾರ್ಜ್ ಆಗುವ ಡಬ್ಬಿಯ ಸಮೇತ ಸುಟ್ಟುಹೋಯಿತು. "ಮಾಲ ಖರಾಬಿತ್ತು" ಎಂದರು ಕಾಕಾ. ಆ ಮಾತು ತೆಗೆದರೆ ಸಾಕು, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ, ಮೀಟರು ಹುಡುಕುವ ನೆಪದಲ್ಲಿ ಎದ್ದು ಹೋಗುತ್ತಿದ್ದರು.

ಆಮೇಲೆ ಎಂಟು ತಿಂಗಳು ಕಾಕಿ ಮಷೀನಿಲ್ಲದೆ ಕಳೆದರು. ಕೇಳಿಸುವುದಿಲ್ಲ ಎನ್ನಲು ನಾಚಿಕೆ. ಹಾಗಾಗಿ ಎಲ್ಲದಕ್ಕೂ ನಕ್ಕು ತಲೆಯಾಡಿಸುವುದು ರೂಢಿಯಾಯಿತು. ಬಂಡಿಯವನು "ಬದನಿಕಾಯಿ ಐದು ಕಿಲೋ ಹಾಕಲೇನ್ರಿ?" ಎಂದ. ತಲೆಯಾಡಿತು. ನಾವು ವಾರವಿಡೀ ಎಣ್ಣೆಗಾಯಿ ತಿಂದೆವು!

ಕೊನೆಗೆ ಹೊಸ ಮಷೀನು ಬಂತು. ಅದನ್ನು ಕಾಕಿಯ ಕಿವಿಗೆ ಹೊಂದಿಸಲು ಕಂಪ್ಯೂಟರಿಗೆ ಹಚ್ಚಬೇಕು. ಕಲಬುರಗಿಯಿಂದ ತಿಂಗಳಿಗೊಮ್ಮೆ ಬರುವ, ಮಷೀನು ಕಂಪನಿಯ ಹುಡುಗಿ ಲ್ಯಾಪ್‌ಟಾಪ್ ಹಿಡಿದು ಮನೆಗೇ ಬಂದಳು. ಅದಕ್ಕಿದ್ದದ್ದು ಒಂದೇ ತೂತು, ಚಾರ್ಜು ಬೇರೆ ಮುಗಿಯುತ್ತಾ ಬಂದಿತ್ತು. ಚಾರ್ಜರ್ ಹಚ್ಚಬೇಕೋ, ಮಷೀನು ಹಚ್ಚಬೇಕೋ?

ಕಾಕಾನ ಮುಖ ಅರಳಿತು. ಒಂದೇ ತೂತಿಗೆ ಹಲವು ವೈರು ಸೇರಿಸಲು ತಾವೇ ಮಾಡಿದ ಹಬ್ ತಂದಿಟ್ಟರು. ಒಂದು ಡಬ್ಬಿ, ನಾಲ್ಕು ತೂತು, ಒಂದು ಪುಟ್ಟ ದೀಪ. "ಕಂಪ್ಯೂಟರ್ ಸಿಕ್ಕಿತಂದ್ರ ಹಸರ ದೀಪ ಹತ್ತತೈತಿ!" ಹುಡುಗಿ ಚಾರ್ಜರ್, ಮಷೀನು, ಲ್ಯಾಪ್‌ಟಾಪ್ ಎಲ್ಲ ಅದಕ್ಕೆ ಸಿಕ್ಕಿಸಿದಳು. ಹಸಿರು ಹತ್ತಿತು. "ಈಗ ಕೇಳಸ್ತೈತೇನ್ರೀ ಅಮ್ಮಾ?" ಕಾಕಿ ನಕ್ಕು ತಲೆಯಾಡಿಸಿದರು.

ಹುಡುಗಿ ಪರದೆ ನೋಡಿ ಹುಬ್ಬು ಗಂಟಿಕ್ಕಿದಳು. "ಹಬ್ ಲ್ಯಾಪ್‌ಟಾಪಿಗೆ ಹತ್ತೇ ಇಲ್ರಿ ಕಾಕಾ! ನಾಕರ ಬಸ್ಸಿಗೆ ನಾ ಹೋಗ್ಬೇಕು. ಇಲ್ಲಾಂದ್ರ ಮುಂದಿನ ತಿಂಗಳ."

ಇನ್ನೊಂದು ತಿಂಗಳೇ! ಕಾಕಾ ಡಬ್ಬಿ ಬಿಚ್ಚಿದರು, ಮೀಟರು ಇಟ್ಟರು, ಹಣೆ ಬಡಿದುಕೊಂಡರು. ಲ್ಯಾಪ್‌ಟಾಪಿಗೆ ಹೋಗುವ ವೈರೇ ಒಳಗೆ ಕಡಿದಿತ್ತು. ದೀಪ ಉರಿದದ್ದು ಚಾರ್ಜರಿನ ಕರೆಂಟಿಗೆ.

"ಕರೆಂಟ್ ಕಂಡ ಕೂಡಲೇ ಆ ಕಡಿ ಮಂದಿ ಅದಾರ ಅಂತ ತಿಳದೆ ನೋಡವ್ವಾ. ಕೂಗಬೇಕು. ಓ ಅಂದ್ರಷ್ಟ ದೀಪ ಹಚ್ಚಬೇಕು."

ವೈರ್ ಬದಲಿಸಿ, ಕಂಪ್ಯೂಟರು ಉತ್ತರ ಕೊಟ್ಟರೆ ಮಾತ್ರ ಉರಿಯುವಂತೆ ದೀಪವನ್ನು ಬೇರೆ ಕಡೆ ಬೆಸೆದರು. ದೀಪ ಒಂದು ಕ್ಷಣ ಕಪ್ಪಗೇ ಇತ್ತು, ಆಮೇಲೆ ಹತ್ತಿತು. ಹುಡುಗಿ ಕೆಲಸ ಮುಗಿಸಿ ಬಸ್ಸಿಗೆ ಓಡಿದಳು.

"ಕೇಳಸ್ತೈತಾ?" ಎಂದರು ಕಾಕಾ. ಕಾಕಿ ನಕ್ಕು ತಲೆಯಾಡಿಸಿದರು.

ಕಾಕಾ ನನ್ನ ಕಿವಿಯಲ್ಲಿ ಪಿಸುಗುಟ್ಟಿದರು: "ಈ ತಲಿ ಆಡಸೋದೂ ಅದ ಹಸರ ದೀಪ. ನನಗ ನಂಬಿಕಿಲ್ಲ."

ಕಾಕಿ ಚಹಾ ಮಾಡಲು ಒಳಗೆ ಹೋದರು. ಕಾಕಾ ಸದ್ದಿಲ್ಲದೆ ಹಿಂದೆಯೇ ಹೋಗಿ ಅವರ ಬೆನ್ನಿಗೆ ನಿಂತರು. ನಾನು ಬಾಗಿಲಲ್ಲಿದ್ದೆ. ಮತ್ತೊಂದು ತಮಾಷೆ ಎಂದುಕೊಂಡು ನಗು ತಡೆದಿದ್ದೆ. ಕಾಕಾ ಬಹಳ ಮೆಲ್ಲಗೆ ಹೇಳಿದರು:

"ಮೊದಲಿನ ಮಷೀನ್ ಖರಾಬ್ ಇರಲಿಲ್ಲ. ಲಗೂ ಚಾರ್ಜ್ ಆಗ್ಲಿ ಅಂತ ಲ್ಯಾಪ್‌ಟಾಪಿನ ಚಾರ್ಜರಿಗೆ ನಾನ ಕೈಯಾರೆ ವೈರ್ ಕಟ್ಟಿದ್ದೆ. ನಾನ ಸುಟ್ಟೆ. ಎಂಟು ತಿಂಗಳು ನಿನಗ..."

ಕಾಕಿ ತಿರುಗಲಿಲ್ಲ. ತಲೆಯಾಡಿಸಲೂ ಇಲ್ಲ. ಚಹಾ ಸೋಸುತ್ತಲೇ ಇದ್ದರು.

"ಗೊತ್ತೈತ್ರಿ," ಎಂದರು ಕಾಕಿ. "ಸುಟ್ಟ ವಾಸನಿ ತಿಳೀಲಿಕ್ಕೆ ಕಿವಿ ಯಾಕ ಬೇಕು?"

ಕಾಕಾ ಗೋಡೆ ಹಿಡಿದುಕೊಂಡರು. ಕಣ್ಣು ತುಂಬಿ ಬಂದಿತ್ತು. ನನಗೂ ಏನೂ ಕಾಣದಂತಾಯಿತು.

"ಏನಂದಿ? ಇನ್ನೊಮ್ಮೆ ಅನ್ನು."

"ಯಾಕ, ನಿಮಗೂ ಒಂದು ಮಷೀನ್ ತರಸಬೇಕೇನ್ರಿ? ಚಾ ಆರಾಕತ್ತೈತಿ, ಬರ್ರಿ."