ನೀಲಿ ಪರದೆ ಬಂದರೆ ಯಜಮಾನರು ಮಾತಾಡುತ್ತಾರೆ

ನಮ್ಮ ಯಜಮಾನರು ದೂರದ ಕಾರ್ಖಾನೆಯೊಂದರಲ್ಲಿ ಯಂತ್ರ ನೋಡಿಕೊಳ್ಳುವವರು. ದಿನಾ ಫೋನ್ ಮಾಡುತ್ತಾರೆ. ಇಲ್ಲವೆಂದು ಬರೆದರೆ ಸುಳ್ಳಾದೀತು. ಆದರೆ ಮಾತು ಮಾತ್ರ "ಊಟ ಆಯ್ತಾ? ಮಗು ಹುಷಾರಾ? ಸರಿ, ಇಡ್ಲಾ?" ಅಷ್ಟೆ. "ಇಡ್ಲಾ"ದಲ್ಲಿರುವ ಉತ್ಸಾಹ ಮಿಕ್ಕಿದ್ದಕ್ಕಿಲ್ಲ. ಉಳಿದ ಹೊತ್ತು ನನ್ನೊಡನೆ ಮಾತಾಡುವವಳು ಮಗಳೊಬ್ಬಳೇ. (ಅವಳಿಗೆ ಬರುವುದು "ಬಬ್ಬಬ್ಬ" ಒಂದೇ. ಮೊನ್ನೆ ಅದಕ್ಕೂ "ಹೌದಾ, ಆಮೇಲೆ?" ಎಂದುಬಿಟ್ಟೆ.)

ಸೋಮವಾರ ಕಂಪ್ಯೂಟರು ಏಳಲಾರೆ ಎಂದು ನೀಲಿ ಪರದೆ ಎಳೆದುಕೊಂಡಿತು. ಹೆದರುತ್ತಲೇ ಇವರಿಗೆ ಹೇಳಿದೆ. ಆ ಮೌನಮುನಿಗಳು ಬಾಯಿ ತೆರೆದ ವೈಭವವನ್ನು ಆಗ ನೋಡಬೇಕಿತ್ತು.

"ಏನು ಕಾಣ್ತಿದೆ? ನಿಧಾನವಾಗಿ ಓದು."

"ಕಂಟಿನ್ಯೂ, ಟ್ರಬಲ್‌ಶೂಟ್, ಟರ್ನ್ ಆಫ್ ಅಂತಿದೆ ರೀ."

"ಟ್ರಬಲ್‌ಶೂಟ್ ಒತ್ತು. ಒಳಗೆ ಸ್ಟಾರ್ಟಪ್ ರಿಪೇರಿ ಅಂತಿರತ್ತೆ. ರೀಸೆಟ್ ಮಾತ್ರ ಮುಟ್ಟಬೇಡ, ಮಗು ಫೋಟೋ ಎಲ್ಲ ಹೋಗ್ಬಿಟ್ಟಾವು. ಹೆದರಬೇಡ ಕಣೇ, ನಾನಿದ್ದೀನಲ್ಲ."

ಹೆರಿಗೆ ಕೋಣೆಯ ಬಾಗಿಲಲ್ಲೂ ಇವರು ಆಡದ ಮಾತು. ಕಂಪ್ಯೂಟರು ತನ್ನನ್ನು ತಾನೇ ಸರಿಪಡಿಸಿಕೊಳ್ಳುವವರೆಗೂ ಫೋನಿಡಲಿಲ್ಲ. ಕಾಯುತ್ತಾ ಕ್ಯಾಂಟೀನಿನ ನೀರಿನಂಥ ಟೀ, ಕೋಣೆಯಲ್ಲಿ ಜೊತೆಗಿರುವವನ ಗೊರಕೆ, ಎಲ್ಲವನ್ನೂ ಹೇಳಿಕೊಂಡರು. ಕೊನೆಗೊಂದು ಉಪದೇಶ: "ಈ ಪರದೆನ ನಾವೇ ತರಿಸಬಹುದು. ಶಿಫ್ಟ್ ಒತ್ತಿ ಹಿಡ್ಕೊಂಡು ರೀಸ್ಟಾರ್ಟ್ ಕೊಟ್ರೆ ಸಾಕು."

ಇಂಥದ್ದನ್ನೆಲ್ಲ ಹೆಂಡತಿಗೆ ಹೇಳಿಕೊಡಬಾರದು.

ಬುಧವಾರ ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಶಿಫ್ಟ್ ಒತ್ತಿ ಹಿಡಿದೆ. ನೀಲಿ ಪರದೆ ಪ್ರತ್ಯಕ್ಷವಾಯಿತು. ದನಿಗೆ ಹದವಾಗಿ ನಡುಕ ಬೆರೆಸಿ ಫೋನ್ ಮಾಡಿದೆ.

"ಮತ್ತೆ ಹೋಯ್ತು ರೀ."

"ಅಯ್ಯೋ, ಮಗು ಕಟ್ಕೊಂಡು ನೀನಾದ್ರೂ ಎಷ್ಟು ಅಂತ ಒದ್ದಾಡ್ತೀಯ? ಇರು, ರಿಪೇರಿಯವರನ್ನ ಕಳಿಸ್ತೀನಿ." ಇಟ್ಟೇಬಿಟ್ಟರು.

ರಿಪೇರಿಯವರು ಬಂದು ಕಂಟಿನ್ಯೂ ಒತ್ತಿದರು. ಕಂಪ್ಯೂಟರು ಏನೂ ನಡೆದೇ ಇಲ್ಲವೆಂಬಂತೆ ಎದ್ದು ಕೂತಿತು. "ಇದಕ್ಕೇನೂ ಆಗಿಲ್ವಲ್ಲಮ್ಮ," ಎಂದು ನನ್ನ ಮುಖ ನೋಡಿದರು. ನಾನು ಮಗಳ ಮುಖ ನೋಡಿದೆ. (ಮಾತು ಬಾರದವರ ತಲೆಗೆ ಕಟ್ಟುವುದು ಸುಲಭ.)

ಅಷ್ಟರಲ್ಲಿ ಇವರ ಫೋನ್ ಬಂತು. ಓಡಿಹೋಗಿ ಎತ್ತಿದೆ.

"ಬಂದ್ರಾ ಅವರು? ಸ್ವಲ್ಪ ಅವರಿಗೆ ಕೊಡು."

ಕೊಟ್ಟೆ. ಶುರುವಾಯಿತು ನೋಡಿ ಇಬ್ಬರ ಸರಸಸಲ್ಲಾಪ. ಹಾರ್ಡ್‌ಡಿಸ್ಕಿನ ಆಯುಷ್ಯದಿಂದ ಹೊರಟು ಕಾರ್ಖಾನೆಯ ಬಾಯ್ಲರನ್ನು ಸುತ್ತಿಕೊಂಡು ಗೊರಕೆಯವರೆಗೂ ಬಂತು. ನಾನು ಟೀ ಮಾಡಿ ತಂದೆ, ಮಗಳಿಗೆ ಉಣ್ಣಿಸಿದೆ, ಒಣಗಿದ ಬಟ್ಟೆ ಮಡಚಿದೆ. ರಿಪೇರಿಯವರು ಕುರ್ಚಿಗೆ ಒರಗಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಕೊನೆಗೂ ಫೋನ್ ನನ್ನ ಕಡೆ ಚಾಚಿದರು. ಆತುರದಲ್ಲಿ ಕಿವಿಗಿಟ್ಟುಕೊಂಡೆ. ಆ ಕಡೆ ಇಟ್ಟಾಗಿತ್ತು.

"ನಿಮ್ಮ ಯಜಮಾನ್ರು ಎಂಥಾ ಮಾತುಗಾರರಮ್ಮ," ಎಂದರು ಅವರು, ಚೀಲ ಹೆಗಲಿಗೇರಿಸುತ್ತಾ. "ನಿಮಗೆ ಒಂದಿನಾನೂ ಬೇಜಾರು ಅಂತಲೇ ಆಗಲ್ಲ, ಅಲ್ವಾ?"