ಮಂಗಳ ಗ್ರಹದಿಂದ ಉಳ್ಳಾಲಕ್ಕೆ

ಮನುಷ್ಯನನ್ನು ಮಂಗಳ ಗ್ರಹಕ್ಕೆ ಕಳಿಸಲು ಹೊರಟಿರುವ ದೊಡ್ಡ ದೊಡ್ಡವರೆಲ್ಲ ಒಂದು ವಾರ ನನ್ನ ಪಕ್ಕದಲ್ಲಿ ಬಂದು ನಿಲ್ಲಬೇಕು. ಅವರು ವರ್ಷಗಟ್ಟಲೆ ತಲೆ ಕೆಡಿಸಿಕೊಂಡ ಪ್ರಶ್ನೆಗೆ ನಮ್ಮಲ್ಲಿ ಬರುವವರು ಬಾಗಿಲಲ್ಲಿ ಚಪ್ಪಲಿ ಬಿಚ್ಚುವಷ್ಟರಲ್ಲಿ ಉತ್ತರ ಕೊಟ್ಟಿರುತ್ತಾರೆ.

ವಾಮಂಜೂರಿನಾಚೆ, ಮೊನ್ನೆ ಮೊನ್ನೆಯವರೆಗೆ ಗದ್ದೆಯಾಗಿದ್ದ ಜಾಗದಲ್ಲಿ, ಒಂದು ಟ್ರಸ್ಟಿನವರು ಕಟ್ಟಿಸಿದ ಸಣ್ಣ ಬಾಹ್ಯಾಕಾಶ ಪ್ರದರ್ಶನಾಲಯ ಉಂಟು. ಅಲ್ಲಿ ಬಂದವರಿಗೆ ವಿವರಣೆ ಹೇಳುವ ಕೆಲಸ ನನ್ನದು. ಕಾಗದದಲ್ಲಿ ಹುದ್ದೆಗೆ ಉದ್ದದ ಹೆಸರಿದ್ದರೂ ಬರುವವರಿಗೆಲ್ಲ ನಾನು ಬರೀ 'ಟೀಚರ್'. ನಗಿಸುವ ಜಾತಿಯವಳಲ್ಲ ನಾನು. ಮನೆ ಬಿಟ್ಟು ಅಷ್ಟು ದೂರ ಹೋಗುವವರ ಕಷ್ಟ ನನಗೆ ತಮಾಷೆಯಾಗಿ ಕಂಡದ್ದೂ ಇಲ್ಲ. ಆದರೂ ನಗು ಬರುವಂಥವು ನಡೆಯುತ್ತಲೇ ಇರುತ್ತವೆ, ನಾನೇನು ಮಾಡಲಿ? ಒಂದು ಸಲ ಮಾತ್ರ ನಗುವಿನ ನಡುವೆ ಒಂದು ಸಂಸಾರವೇ ಸಿಕ್ಕಿಹಾಕಿಕೊಂಡಿತ್ತು. ಅದನ್ನು ಕೊನೆಗೆ ಹೇಳುತ್ತೇನೆ.

ನೀರು

ನಮ್ಮ ದೊಡ್ಡಪ್ಪ ದೇವಸ್ಥಾನದ ಅರ್ಚಕರು. ಮಡಿಯ ವಿಷಯದಲ್ಲಿ ಬಹಳ ಬಿಗಿ. "ನೀನು ಅಲ್ಲಿ ಇಡೀ ದಿನ ಎಂತ ಮಾಡ್ತಿ ನೋಡ್ತೇನೆ" ಅಂತ ಒಂದು ದಿನ ಬಂದೇಬಿಟ್ಟರು.

ನೀರು ಶುದ್ಧ ಮಾಡುವ ಯಂತ್ರದ ಮಾದರಿಯ ಮುಂದೆ ಬಂದು ನಿಂತೆವು. ಬೇರೆಯವರಿಗೆ ಸಲೀಸಾಗಿ ಹೇಳುವುದನ್ನು ಅವರ ಮುಂದೆ ಹೇಗೆ ಹೇಳಲಿ? ಕಣ್ಣು ಮುಚ್ಚಿ ಹೇಳಿಬಿಟ್ಟೆ. "ಅಷ್ಟು ನೀರು ಇಲ್ಲಿಂದ ಹೊತ್ತುಕೊಂಡು ಹೋಗ್ಲಿಕ್ಕೆ ಆಗುವುದಿಲ್ಲ ದೊಡ್ಡಪ್ಪ. ಬೆವರು, ಉಸಿರಿನ ತೇವ, ಮೂತ್ರ, ಎಲ್ಲವನ್ನೂ ಶುದ್ಧ ಮಾಡಿ ಅದನ್ನೇ ಮತ್ತೆ ಕುಡೀಬೇಕು."

ಅವರು ಶಾಲು ಸರಿ ಮಾಡಿಕೊಂಡು, ಬಗ್ಗಿ ಯಂತ್ರದ ಕೊಳವೆಗಳನ್ನು ಒಂದೊಂದಾಗಿ ನೋಡಿದರು. ಆಮೇಲೆ ನಿಧಾನಕ್ಕೆ ಹೇಳಿದರು. "ಸಮುದ್ರಕ್ಕೆ ಎಂತೆಂತದು ಹೋಗಿ ಬೀಳ್ತದೆ. ಅದೇ ನೀರು ಮೋಡ ಆಗಿ, ಮಳೆ ಆಗಿ ನಮ್ಮ ಬಾವಿಗೆ ಬರ್ತದೆ. ಅದರಲ್ಲೇ ಅಲ್ವಾ ನಾನು ಅಭಿಷೇಕ ಮಾಡುವುದು? ದೇವರು ದೊಡ್ಡದಾಗಿ ಮಾಡುವುದನ್ನು ಇವರು ಸಣ್ಣದಾಗಿ ಮಾಡ್ತಾರೆ. ತಪ್ಪೇನಿಲ್ಲ."

ನನಗೆ ಕಣ್ಣು ತುಂಬಿ ಬಂತು. ಇಷ್ಟು ವರ್ಷದಲ್ಲಿ ನಾನೇ ಅಷ್ಟು ಚೆಂದ ಹೇಳಿದವಳಲ್ಲ. ಬಾಯಾರಿದೆ ಅಂದರು, ಓಡಿಹೋಗಿ ಒಂದು ಲೋಟ ನೀರು ತಂದುಕೊಟ್ಟೆ. ಲೋಟವನ್ನು ಬೆಳಕಿಗೆ ಹಿಡಿದು ನೋಡಿದರು.

"ಇದು ಬಾವಿಯದ್ದಾ, ಯಂತ್ರದ್ದಾ?"

"ಬಾವಿಯದ್ದೇ ದೊಡ್ಡಪ್ಪ, ಆಣೆ. ಯಂತ್ರ ಬರೀ ಮಾದರಿ."

"ಇರಲಿ. ಮನೆಗೆ ಹೋಗಿಯೇ ಕುಡೀತೇನೆ" ಅಂತ ಲೋಟ ವಾಪಸು ಕೊಟ್ಟರು.

ಜಗಳ

ಇನ್ನೊಮ್ಮೆ ಬೆಂಗ್ರೆಯಿಂದ ಮೀನುಗಾರ ಹೆಂಗಸರ ಒಂದು ಸಂಘದವರು ಬಂದಿದ್ದರು. ಬೆಳಿಗ್ಗೆ ಫೆರಿಯಲ್ಲಿ ನದಿ ದಾಟಿ, ಬಸ್ಸು ಹಿಡಿದು ಬಂದವರು. ನಾಲ್ಕು ಜನ ಇರುವ ನೌಕೆಯ ಮಾದರಿ ತೋರಿಸಿ, ಹೋಗಿ ಬರಲು ಮೂರು ವರ್ಷದ ಹತ್ತಿರ ಬೇಕು ಅಂದೆ. ಅವರಲ್ಲಿ ಹಿರಿಯ ಹೆಂಗಸೊಬ್ಬರು ಒಳಗೆ ಇಣುಕಿ ನೋಡಿದರು.

"ಇಷ್ಟೇ ಜಾಗವಾ? ಜಗಳ ಆದರೆ ಎಲ್ಲಿಗೆ ಹೋಗಿ ಕೂರುವುದು?"

ಅದೇ ದೊಡ್ಡ ಸಮಸ್ಯೆ ಅಂತ ಹೇಳಿದೆ. ಯಂತ್ರ ಕೆಟ್ಟರೆ ಸರಿ ಮಾಡಬಹುದು, ಮನಸ್ಸು ಕೆಟ್ಟರೆ ಕಷ್ಟ, ಅದಕ್ಕೆ ತಜ್ಞರು ತರಬೇತಿ ಕೊಡುತ್ತಾರೆ ಅಂತ ಕೈಪಿಡಿಯಲ್ಲಿ ಇದ್ದದ್ದನ್ನೆಲ್ಲ ಒಪ್ಪಿಸಿದೆ.

"ತರಬೇತಿ ಎಂತಕ್ಕೆ ಟೀಚರ್? ನಮ್ಮ ಗಂಡಸರು ಹತ್ತು ದಿನ ನಡುಕಡಲಲ್ಲಿ ಇರ್ತಾರೆ. ಬೋಟಿನಲ್ಲಿ ಜಗಳ ಮಾಡ್ಲಿಕ್ಕೆ ಇಲ್ಲ. ಯಾರಿಗೆ ಸಿಟ್ಟು ಬಂದರೂ 'ದಕ್ಕೆಯಲ್ಲಿ ಮಾತಾಡುವ' ಅಂತ ಹೇಳಿ ಬಾಯಿ ಮುಚ್ಚಬೇಕು. ದಡಕ್ಕೆ ಬಂದು ದಕ್ಕೆಯಲ್ಲಿ ಬೋಟು ಕಟ್ಟಿ, ಮೀನು ಇಳಿಸುವಷ್ಟರಲ್ಲಿ ಸುಸ್ತು. ಎಂತ ಜಗಳ ಅಂತ ನೆನಪೇ ಇರುವುದಿಲ್ಲ."

ಇದು ಕೈಪಿಡಿಗೆ ಸೇರಬೇಕಾದ ಮಾತು ಅಂತ ನಾನು ಪುಸ್ತಕ ತೆಗೆದು ಬರೆದುಕೊಳ್ಳುತ್ತಿದ್ದೆ. ಆಕೆ ಮತ್ತೊಮ್ಮೆ ನೌಕೆಯೊಳಗೆ ಇಣುಕಿ ತಲೆಯಾಡಿಸಿದರು.

"ಆದರೂ ಮೂರು ವರ್ಷದ್ದೆಲ್ಲ ಒಟ್ಟಿಗೆ ದಕ್ಕೆಯಲ್ಲಿ ಇಳಿದರೆ ಪೊಲೀಸರಿಗೆ ಮೊದಲೇ ಹೇಳಿಡಬೇಕು ಟೀಚರ್."

ಐದು ನಿಮಿಷ

ಈಗ ನಮ್ಮ ಮಾತಿನ ಕೋಣೆಗಳ ವಿಷಯ ಹೇಳಬೇಕು. ಬೆನ್ನಿಗೆ ಬೆನ್ನು ಕೊಟ್ಟ ಎರಡು ಕೋಣೆ. ಒಂದಕ್ಕೆ 'ಭೂಮಿ' ಅಂತ ಬೋರ್ಡು, ಇನ್ನೊಂದಕ್ಕೆ 'ಮಂಗಳ'. ಒಂದರಲ್ಲಿ ಆಡಿದ ಮಾತು ಇನ್ನೊಂದರಲ್ಲಿ ಐದು ನಿಮಿಷ ಬಿಟ್ಟು ಕೇಳುತ್ತದೆ. ನಿಜವಾದ ಮಂಗಳಕ್ಕೂ ಹಾಗೆಯೇ. ಮಾತು ಬೆಳಕಿನ ವೇಗದಲ್ಲಿ ಓಡಿದರೂ ಹತ್ತಿರ ಇದ್ದಾಗ ಮೂರು ನಿಮಿಷ ಬೇಕು, ದೂರ ಇದ್ದಾಗ ಇಪ್ಪತ್ತು ದಾಟುತ್ತದೆ. ಮಾತಾಡುವುದು ಮೇಜಿನ ಮೇಲಿನ ಮೈಕಿಗೆ, ಕೇಳುವುದು ಗೋಡೆಗೆ ತೂಗುಹಾಕಿದ ಹೆಡ್‌ಫೋನಿನಲ್ಲಿ.

ಶಾಲೆಯ ಮಕ್ಕಳು ಅರ್ಧ ನಿಮಿಷ ಕೂತು ಎದ್ದು ಓಡುತ್ತಾರೆ. ಆ ಕೋಣೆಗಳನ್ನು ಮನಸ್ಸಿಟ್ಟು ಬಳಸಿದವರೆಂದರೆ ಉಳ್ಳಾಲದ ಹಾಜಿಯವರು ಮತ್ತು ಅವರ ಹೆಂಡತಿ ಇಬ್ಬರೇ. ಮೊದಲು ಮೊಮ್ಮಕ್ಕಳನ್ನು ಕರೆದುಕೊಂಡು ಬಂದಿದ್ದರು. ಆಮೇಲೆ ಪ್ರತಿ ಬುಧವಾರ ಇಬ್ಬರೇ ಬರಲು ಶುರುಮಾಡಿದರು. ಪೇಟೆಯಲ್ಲಿ ಬಸ್ಸು ಬದಲಿಸಿ ಬಂದು, ಆಕೆ ಭೂಮಿಗೆ, ಇವರು ಮಂಗಳಕ್ಕೆ. ಇಬ್ಬರೂ ಏಕಕಾಲಕ್ಕೆ ಮೈಕಿಗೆ ಮಾತಾಡುತ್ತಾರೆ, ಮುಗಿಸಿ ಹೆಡ್‌ಫೋನು ಹಾಕಿ ಕೂರುತ್ತಾರೆ, ಒಬ್ಬರದ್ದು ಇನ್ನೊಬ್ಬರಿಗೆ ಪೂರ್ತಿ ಕೇಳುತ್ತದೆ. ಹೊರಗೆ ಬರುವಾಗ ಮುಖ ಹಗುರ ಆಗಿರುತ್ತದೆ.

ಒಂದು ದಿನ ತಡೆಯದೆ ಕೇಳಿದೆ, ಇದೆಂತ ಹಾಜಿಯವರೇ ಅಂತ.

"ಮೂವತ್ತು ವರ್ಷ ಗಲ್ಫಿನಲ್ಲಿ ಅಂಗಡಿ ಕೆಲಸ ಟೀಚರ್. ಮೊದಲು ಕ್ಯಾಸೆಟ್ಟಿನಲ್ಲಿ ಮಾತಾಡಿ ಊರಿಗೆ ಬರುವವರ ಕೈಯಲ್ಲಿ ಕಳಿಸ್ತಿದ್ದೆ. ಆಮೇಲೆ ಮೊಬೈಲಿನಲ್ಲಿ ವಾಯ್ಸ್ ಕಳಿಸುವುದು. ಒಬ್ಬರು ಹೇಳಿ ಮುಗಿಸಿದ ಮೇಲೆಯೇ ಇನ್ನೊಬ್ಬರು. ಒಂದು ದಿನ ಜಗಳ ಇಲ್ಲ. ಈಗ ಊರಿಗೆ ಬಂದು ಕೂತಿದ್ದೇನೆ, ನಾನು ಬಾಯಿ ತೆರೆಯುವ ಮೊದಲೇ ಉತ್ತರ ಬಂದಾಗಿರ್ತದೆ."

"ಇವರು ನನ್ನ ಅಡಿಗೆ ಕೋಣೆಯನ್ನು ಅಂಗಡಿ ಮಾಡಿದ್ದಾರೆ" ಅಂದರು ಆಕೆ. "ಡಬ್ಬಿ ಡಬ್ಬಿಗೆ ಚೀಟಿ ಅಂಟಿಸಿದ್ದಾರೆ. ಉಪ್ಪು ಯಾವುದು ಅಂತ ನನಗೆ ಗೊತ್ತಿಲ್ವಾ?"

"ಮನೆಯಲ್ಲೇ ಮೊಬೈಲಿನಲ್ಲಿ ವಾಯ್ಸ್ ಕಳಿಸಬಹುದಲ್ಲ?" ಅಂದೆ.

"ಮಾಡಿ ನೋಡಿದೆವು" ಅಂದರು ಹಾಜಿ. "ನಾನು ಮಾತಾಡ್ತಾ ಇರುವಾಗಲೇ ಪಕ್ಕದ ಕೋಣೆಯಿಂದ ಕೂಗಿ ಉತ್ತರ ಕೊಡ್ತಾಳೆ."

ಹಲೋ

ಅದೇ ತಿಂಗಳಲ್ಲಿ ಟ್ರಸ್ಟಿನ ಸಮಿತಿಯ ಸದಸ್ಯರೊಬ್ಬರು ತಪಾಸಣೆಗೆ ಬಂದರು. ಮಂಗಳದ ಕೋಣೆಯಲ್ಲಿ ಕೂತು ಮೈಕಿಗೆ ಹಲೋ ಹಲೋ ಅಂದರು. ಉತ್ತರ ಇಲ್ಲ. ಮೈಕಿನ ತಲೆಗೆ ಎರಡು ಕುಟ್ಟಿದರು. ಉತ್ತರ ಇಲ್ಲ.

"ಸರ್, ಐದು ನಿಮಿಷ ಕಾಯಬೇಕು" ಅಂದೆ.

"ಐದು ನಿಮಿಷ ಕಾಯ್ಲಿಕ್ಕೆ ಯಾರಿಗೆ ಪುರುಸೊತ್ತು ಉಂಟು ಮಾರಾಯ್ರೆ? ನನ್ನ ಮನೆಯ ಫೋನು ಅಮೆರಿಕಕ್ಕೆ ಕೂಡಲೇ ಹೋಗ್ತದೆ" ಅಂತ 'ಧ್ವನಿ ಬರುವುದಿಲ್ಲ, ರಿಪೇರಿ ಅಗತ್ಯ' ಎಂದು ಬರೆದು ಹೊರಟೇಹೋದರು.

ಆಗ ಭೂಮಿಯ ಕೋಣೆಯಲ್ಲಿ ನಮ್ಮ ನೆಲ ಒರೆಸುವ ಹೆಂಗಸು ಇದ್ದಳು. ಒರೆಸಲೆಂದು ಅವಳು ಕೈಗೆ ತೆಗೆದುಕೊಂಡಿದ್ದ ಹೆಡ್‌ಫೋನಿನಿಂದ ಸರಿಯಾಗಿ ಐದು ನಿಮಿಷಕ್ಕೆ ಗಟ್ಟಿ ದನಿ ಬಂತು. "ಹಲೋ, ಹಲೋ! ಯಾರೂ ಇಲ್ವಾ? ಇದು ಹಾಳಾಗಿದೆ!" ಪಾಪ, ಅವಳು ಕೈ ಒರೆಸಿಕೊಂಡು ಮೈಕಿನ ಹತ್ತಿರ ಬಗ್ಗಿ ಮರ್ಯಾದೆಯಿಂದ ಹೇಳಿದಳು. "ಹಾಳಾಗ್ಲಿಲ್ಲ ಧಣಿಗಳೇ, ಚೆಂದ ಕೇಳ್ತದೆ."

ಆ ಮಾತು ಮಂಗಳ ಮುಟ್ಟುವಾಗ ಧಣಿಗಳು ಕಾರಿನಲ್ಲಿ ನಂತೂರು ದಾಟಿದ್ದರು.

ಬಸ್ಸು

ಇನ್ನು ಹೇಳುವುದು ಅದರ ಮುಂದಿನ ಬುಧವಾರದ ಕತೆ.

ಹಿಂದಿನ ವಾರ ಹೋಗುವಾಗ ಹಾಜಿಯವರ ಹೆಂಡತಿ ಮೆಲ್ಲ ನನ್ನ ಹತ್ತಿರ ಬಂದು ಹೇಳಿದ್ದರು. ಗಲ್ಫಿನ ಹಳೆಯ ಮಾಲೀಕರು ಹಾಜಿಯವರನ್ನು ಮತ್ತೆ ಕರೆದಿದ್ದಾರೆ, ಅಂಗಡಿ ನೋಡಿಕೊಳ್ಳಲು. ಮುಂದಿನ ವಾರದ ಶುಕ್ರವಾರದ ಒಳಗೆ ಹೂಂ ಅಥವಾ ಇಲ್ಲ ಅನ್ನಬೇಕು. "ಈ ವಯಸ್ಸಿನಲ್ಲಿ ಹೋದರೆ ಮತ್ತೆ ನೋಡಿದ ಹಾಗೆಯೇ. ಫೋನಿನಲ್ಲಿ ಮಾತಾಡಿದ್ದು ನನ್ನ ಕಿವಿಗೆ ಬಿತ್ತು, ಮನೆಯಲ್ಲಿ ನನ್ನ ಹತ್ತಿರ ಆ ಮಾತೇ ಎತ್ತಲಿಲ್ಲ ಅವರು. ಮುಂದಿನ ಬುಧವಾರ ಇಲ್ಲಿ ಹೇಳ್ತಾರೇನೋ."

ಆ ಬುಧವಾರ ನನ್ನ ಮೇಜಿನ ಮೇಲೆ ಒಂದು ಚೀಟಿ ಇತ್ತು. ರಜೆಯ ದಿನ ಮೆಕ್ಯಾನಿಕ್ ಬಂದು ಹೋಗಿದ್ದ. 'ಮಾತಿನ ಕೋಣೆ ರಿಪೇರಿ ಆಗಿದೆ.' ಧೂಳು ತೆಗೆದಿರಬೇಕು ಅಂತ ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಹನ್ನೊಂದು ಗಂಟೆಗೆ ಬಾಹ್ಯಾಕಾಶ ಉಡುಪಿನ ಪ್ರದರ್ಶನ ಇತ್ತು. ನಮ್ಮ ಉಡುಪು ಮಳೆಕೋಟಿನ ಬಟ್ಟೆಗೆ ಸ್ಪಂಜು ತುಂಬಿ ಇಲ್ಲಿನ ದರ್ಜಿ ಹೊಲಿದದ್ದು. ಆದರೂ ಅಸಲಿಯ ಒಂದು ಗುಣ ಅದಕ್ಕೆ ಉಂಟು, ಇನ್ನೊಬ್ಬರ ಸಹಾಯ ಇಲ್ಲದೆ ಬಿಚ್ಚಲು ಆಗುವುದಿಲ್ಲ. ಅದನ್ನು ಹಾಕಿಕೊಂಡೇ ಮೇಜಿಗೆ ಬಂದು ಕೂತೆ. ಅಷ್ಟರಲ್ಲಿ ಅವರಿಬ್ಬರೂ ಬಂದು ಕೋಣೆ ಸೇರಿಯಾಗಿತ್ತು.

ರಿಪೇರಿ ಹೇಗಾಗಿದೆ ನೋಡುವ ಅಂತ ಮೇಜಿನ ಸ್ಪೀಕರ್ ಹಾಕಿದೆ. ಎರಡು ದನಿ ಒಟ್ಟಿಗೆ ಬಂತು. ಕೋಣೆಗಳ ಗಾಜಿನಲ್ಲಿ ನೋಡಿದೆ, ತುಟಿ ಆಡುವುದೂ ದನಿ ಬರುವುದೂ ಒಂದೇ ಕ್ಷಣಕ್ಕೆ. ಆ ಪುಣ್ಯಾತ್ಮ ಮೆಕ್ಯಾನಿಕ್ ಮಾತನ್ನು ತಡ ಮಾಡುವ ಪೆಟ್ಟಿಗೆಯನ್ನೇ ಕಿತ್ತು ಹಾಕಿದ್ದ! ಮಾತು ಆಡಿದ ಕ್ಷಣವೇ ಆಚೆ ಕೇಳುತ್ತಿತ್ತು. ಆದರೆ ಕೇಳುವವರು ಯಾರು? ಇಬ್ಬರೂ ಮೈಕಿಗೆ ಬಗ್ಗಿ ಮಾತಾಡುತ್ತಿದ್ದಾರೆ, ಹೆಡ್‌ಫೋನು ಎರಡೂ ಗೋಡೆಯಲ್ಲಿ ನೇತಾಡುತ್ತಿವೆ.

ಎದ್ದು ಹೋಗಿ ನಿಲ್ಲಿಸಬೇಕಿತ್ತು. ಏಳಲಿಲ್ಲ. ಕದ್ದು ಕೇಳಿದ್ದು ತಪ್ಪು, ಒಪ್ಪುತ್ತೇನೆ. ಅವರು ಮಾತಾಡಿದ್ದು ಬ್ಯಾರಿ ಭಾಷೆಯಲ್ಲಿ, ನೆರೆಕರೆಯಲ್ಲಿ ಕೇಳಿ ಬೆಳೆದವಳು ನಾನು, ನನಗೆ ಎಲ್ಲ ಅರ್ಥ ಆಯಿತು.

ಹಾಜಿ ಹೇಳುತ್ತಿದ್ದರು. "ನನಗೆ ಹೋಗ್ಲಿಕ್ಕೆ ಮನಸ್ಸಿಲ್ಲ. ಆದರೆ ಈ ಮನೆಯಲ್ಲಿ ನಾನು ಬೇಕಾ ಬೇಡವಾ ಗೊತ್ತಾಗುವುದಿಲ್ಲ. ಮೂವತ್ತು ವರ್ಷದಲ್ಲಿ ಒಂದು ಸಲ ನೀನು 'ಬನ್ನಿ' ಅನ್ನಲಿಲ್ಲ. ಇವತ್ತು ಒಂದು ಸಲ 'ಇರಿ' ಅನ್ನು. ಅನ್ನದಿದ್ದರೆ ಶುಕ್ರವಾರ ಹೂಂ ಅಂತೇನೆ."

ಆಕೆ ಹೇಳುತ್ತಿದ್ದರು. "ಬನ್ನಿ ಅಂದಿದ್ದರೆ ನೀವು ಬರ್ತಿದ್ದಿರಿ, ಮಕ್ಕಳ ಓದು ನಿಲ್ತಿತ್ತು. ಅದಕ್ಕೆ ನಾಲಗೆ ಕಚ್ಚಿಕೊಂಡು ಇದ್ದೆ. ಈಗ ಹೇಳ್ತೇನೆ, ಹೋಗಬೇಡಿ. ಡಬ್ಬಿಗೆ ಎಷ್ಟು ಬೇಕಾದರೂ ಚೀಟಿ ಅಂಟಿಸಿ. ಬೇಕಾದರೆ ನನ್ನ ಹಣೆಗೂ ಒಂದು ಅಂಟಿಸಿ. ಇಲ್ಲೇ ಇರಿ."

ಇಬ್ಬರೂ ಮುಗಿಸಿ ಹೆಡ್‌ಫೋನು ಹಾಕಿಕೊಂಡರು. ಐದು ನಿಮಿಷ ಆಯಿತು. ಹತ್ತು ಆಯಿತು. ಆಡಿದ ಮಾತೆಲ್ಲ ಗೋಡೆಗೆ ಕೇಳಿ ಮುಗಿದಿತ್ತು, ಇನ್ನು ಬರುವುದಕ್ಕೆ ಏನೂ ಇರಲಿಲ್ಲ. ಆಕೆ ಮೊದಲು ಹೊರಗೆ ಬಂದರು, ಆಮೇಲೆ ಇವರು. ಮುಖ ನೋಡಿದೆ, ಎರಡೂ ಬಿಳಿಚಿಹೋಗಿದ್ದವು. ಬಾಯಿ ತೆರೆಯುವಷ್ಟರಲ್ಲಿ ಉಡುಪು ನೋಡಿದ ಮಕ್ಕಳ ಹಿಂಡು ನನ್ನನ್ನು ಸುತ್ತುಗಟ್ಟಿತು. ಬಿಡಿಸಿಕೊಂಡು ನೋಡುವಾಗ ಅವರು ಗೇಟು ದಾಟಿ ಹೋಗುತ್ತಿದ್ದರು, ನಡುವೆ ನಾಲ್ಕು ಮಾರು ಅಂತರ ಬಿಟ್ಟು.

ಉಡುಪು ಬಿಚ್ಚಲು ಯಾರೂ ಇಲ್ಲ. ಶಿರಸ್ತ್ರಾಣ ಕಂಕುಳಲ್ಲಿ ಇಟ್ಟುಕೊಂಡು ಓಡಿದೆ. ಬಾಹ್ಯಾಕಾಶ ಉಡುಪಿನಲ್ಲಿ ನಡೆಯುವುದು ಎಷ್ಟು ಕಷ್ಟ ಅಂತ ವರ್ಷಾನುಗಟ್ಟಲೆ ಹೇಳಿದ್ದೇನೆ, ಆ ದಿನ ನಂಬಿದೆ. ದಾರಿಯಲ್ಲಿ ಒಂದು ರಿಕ್ಷಾ ನಿಂತೇಬಿಟ್ಟಿತು. ಬಸ್‌ಸ್ಟಾಪು ಮುಟ್ಟುವಾಗ ಬೆವರಿನಲ್ಲಿ ಮಿಂದಿದ್ದೆ.

"ಹಾಜಿಯವರೇ, ಪೆಟ್ಟಿಗೆ ತೆಗೆದಿದ್ದಾರೆ, ಮಾತು ಎಲ್ಲ ಮೊದಲೇ ಹೋಗಿಯಾಯ್ತು! ಅಕ್ಕ ಇರಿ ಅಂದಿದ್ದಾರೆ, ನಾನು ಕೇಳಿದ್ದೇನೆ. ಅಕ್ಕ, ಇವರಿಗೆ ಹೋಗ್ಲಿಕ್ಕೆ ಮನಸ್ಸಿಲ್ಲ. ನೀವು ಒಂದು ಸಲ ಹೇಳಿದರೆ ಸಾಕು ಅಂದಿದ್ದಾರೆ."

ಆಕೆ ಸೆರಗು ಸರಿ ಮಾಡಿಕೊಂಡು ನನಗೆ ಹೇಳಿದರು. "ಅಷ್ಟೂ ಗೊತ್ತಾಗುವುದಿಲ್ವಾ ಅಂತ ಕೇಳಿ ಟೀಚರ್."

ಹಾಜಿಯೂ ನನಗೇ ಹೇಳಿದರು. "ಹೇಳದೆ ಹೇಗೆ ಗೊತ್ತಾಗ್ತದೆ ಅಂತ ಹೇಳಿ ಟೀಚರ್."

ನಾನು ಇನ್ನೂ ಉಸಿರಿಗೆ ಒದ್ದಾಡುತ್ತಿದ್ದೆ. ಅಷ್ಟರಲ್ಲಿ ಬಸ್ಸು ಬಂತು. ಆಕೆ ಮುಂದಿನ ಬಾಗಿಲಲ್ಲಿ ಹತ್ತಿ ಹೆಂಗಸರ ಸೀಟಿನಲ್ಲಿ ಕೂತರು. ಯಾವತ್ತೂ ಗಂಡಸರ ಹಿಂದಿನ ಬಾಗಿಲಿಗೆ ಹೋಗುವ ಹಾಜಿ ಆ ದಿನ ಅದೇ ಬಾಗಿಲಲ್ಲಿ ಹತ್ತಿ ಅವರ ಪಕ್ಕದಲ್ಲೇ ಕೂತುಬಿಟ್ಟರು.

ಕಂಡಕ್ಟರು ಕೂಗಿದ. "ಸಾಹೇಬ್ರೆ, ಹಿಂದೆ ಹೋಗಿ! ಅದು ಹೆಂಗಸರ ಸೀಟು!"

ಹಾಜಿ ತಡಬಡಾಯಿಸಿ ಏಳಲು ನೋಡಿದರು. ಆಕೆ ಅವರ ಅಂಗಿಯ ತೋಳನ್ನು ಗಟ್ಟಿಯಾಗಿ ಹಿಡಿದು ಕೂರಿಸಿ, ಇಡೀ ಬಸ್ಸಿಗೆ ಕೇಳುವ ಹಾಗೆ ಹೇಳಿದರು. "ಇವರು ಎಲ್ಲಿಗೂ ಹೋಗುವುದಿಲ್ಲ. ಇಲ್ಲೇ ಇರ್ತಾರೆ."

ಹಾಜಿ ಕಿಟಕಿಯ ಕಡೆ ಮುಖ ತಿರುಗಿಸಿ ಕರವಸ್ತ್ರ ತೆಗೆದರು. ಬಾಗಿಲ ಕೆಳಗೆ ನಿಂತ ನನಗೂ ಕಣ್ಣೀರು ಸುರಿಯುತ್ತಿತ್ತು, ಆ ದಪ್ಪ ಕೈಗವಸಿನಲ್ಲಿ ಒರೆಸಲು ಆಗದೆ ಹಾಗೇ ನಿಂತಿದ್ದೆ. ಕಂಡಕ್ಟರು ಆಕೆಯನ್ನು ನೋಡಿದ, ಹಾಜಿಯನ್ನು ನೋಡಿದ. ಆಮೇಲೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

"ಆಯ್ತಪ್ಪ, ಅವರು ಅಲ್ಲೇ ಇರಲಿ" ಅಂದ. "ನೀವಾದ್ರೂ ಹಿಂದಿನ ಬಾಗಿಲಲ್ಲಿ ಹತ್ತಿ ಮಾರಾಯ್ರೆ."